ನನ್ನ ಹೊಟ್ಟೆಯ ಮಡಿ

ಜಹೀರಾಬಾದ್
6-12-2013, ಶುಕ್ರವಾರ

ಪ್ರೀತಿಯ ರಂಜನಾ,

ನಿನ್ನ ವೈನಿಯ ಶರಣು. ಕ್ಷೇಮವೇ ಎಂದು ಕೇಳುವುದಿಲ್ಲ, ಇಲ್ಲವೆಂದು ಗೊತ್ತೇ ಇದೆ. ಫೋನಿನಲ್ಲಿ ನೀನು "ಛೀ" ಎಂದು ಕಟ್ ಮಾಡಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಮ್ಮ ಯಜಮಾನರು, ನಿನ್ನ ಅಣ್ಣ, ತಾಂಡೂರಿಗೆ ಬರುವಾಗ ತಂದುಕೊಡುತ್ತಾರೆ. ಅವರೆದುರು ಓದಬೇಡ, ನಿನಗಿಂತ ಮೊದಲು ಅವರೇ ಅಳುತ್ತಾರೆ.

ಡಾಕ್ಟರು ಹೇಳಿದ್ದರಲ್ಲಿ ನೀನು ಅರ್ಧ ಕೇಳಿ, ಉಳಿದರ್ಧ ನಾಚಿಕೆಗೆ ಬಲಿಕೊಟ್ಟೆ. ನಾನು ಪೂರ್ತಿ ಕೇಳಿಸಿಕೊಂಡಿದ್ದೇನೆ. ನಿನ್ನ ದೊಡ್ಡ ಕರುಳಿನದು ಬರಿಯ ಹುಣ್ಣಲ್ಲ, ಮೈಯೇ ತನ್ನ ಕರುಳಿನ ಮೇಲೆ ಮುನಿಸಿಕೊಂಡಿದೆ. ಸ್ಟೀರಾಯ್ಡ್ ಗುಳಿಗೆ ನುಂಗಿದರೆ ಮುಖ ಊದುತ್ತದೆ, ಕಡಿಮೆ ಮಾಡಿದರೆ ರಕ್ತ ಮತ್ತೆ ಹೋಗುತ್ತದೆ. ಇನ್ನುಳಿದದ್ದು ಆಪರೇಷನ್. ಕರುಳನ್ನೇ ತೆಗೆದು ಹೊಟ್ಟೆಗೆ ಚೀಲ ಹಾಕುವುದು. ಅದಕ್ಕೆ ಮೊದಲು ಹೈದರಾಬಾದಿನ ಆಸ್ಪತ್ರೆಯಲ್ಲಿ ನಡೆದಿರುವ ಸಂಶೋಧನೆಗೆ ಸೇರು ಎನ್ನುತ್ತಿದ್ದಾರೆ.

ಆರೋಗ್ಯವಂತರ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಹೊಂದಿಕೊಂಡು ಸಂಸಾರ ಮಾಡುತ್ತವಂತೆ. ನಿನ್ನಲ್ಲಿ ಆ ಸಂಸಾರ ಕೆಟ್ಟಿದೆ. ಅದಕ್ಕೆ ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಉಪ್ಪುನೀರಿನಲ್ಲಿ ಕಲಸಿ, ಸೋಸಿ, ನಳಿಗೆಯಿಂದ ನಿನ್ನ ಕರುಳಿಗೆ ಬಿಡುತ್ತಾರೆ. ಕೆಲವರಿಗೆ ಗುಣ ಕಂಡಿದೆ, ಕೆಲವರಿಗೆ ಇಲ್ಲ. ಭರವಸೆ ಕೊಡಲಾರೆ ಎಂದು ಡಾಕ್ಟರು ನೇರವಾಗಿ ಹೇಳಿದರು. ಅದೇ ನನಗೆ ಹಿಡಿಸಿತು. ಇಲ್ಲಿಯವರೆಗೆ ನಮಗೆ ಭರವಸೆ ಕೊಟ್ಟವರಿಗೇನು ಕಡಿಮೆಯೇ? ನಾರಾಯಣಖೇಡದ ಬೇರಿನ ಔಷಧದವನು ತೆಂಗಿನಕಾಯಿ ಒಡೆದು ಭರವಸೆ ಕೊಟ್ಟಿದ್ದ.

ನಿನಗೆ ಮಲ ಕೊಡಬೇಕಾಗಿದ್ದವರು ನಿನ್ನ ಅಣ್ಣ. ಕೆಮ್ಮು ಬಂತೆಂದು ಔಷಧದಂಗಡಿಯವನನ್ನು ಕೇಳಿ ಆಂಟಿಬಯಾಟಿಕ್ ನುಂಗಿ, ಒಳ್ಳೆಯ ಜೀವಿಗಳನ್ನೂ ಕೊಂದುಕೊಂಡು ಫೇಲಾದರು. ಎಲ್ಲ ಪರೀಕ್ಷೆಯಲ್ಲಿ ಪಾಸಾದವಳು ನಾನು. ಈ ಮನೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಫಸ್ಟ್ ಕ್ಲಾಸ್ ಅದು!

ಅವ್ವನಿಗೆ ಹೇಳಬೇಡ ಎಂದು ನೀನು ಆಣೆ ಹಾಕಿಸಿಕೊಂಡಿದ್ದೆ. ಲಿಂಗಾಯತರ ಮಗಳೆಂದು ನನ್ನನ್ನು ಇಷ್ಟು ವರ್ಷವಾದರೂ ಅಡಿಗೆಮನೆಯ ಹೊಸಿಲು ದಾಟಿಸದ ಅತ್ತೆ, ಇದನ್ನು ಕೇಳಿದರೆ ನಿನ್ನನ್ನೂ ಹೊರಗೇ ಕೂರಿಸುತ್ತಾರೆಂಬ ನಿನ್ನ ಅಂಜಿಕೆ ನನಗೆ ತಿಳಿಯದ್ದಲ್ಲ. ಆದರೂ ಆಣೆ ಮುರಿದಿದ್ದೇನೆ. ಬೈಯುವುದಾದರೆ ಪೂರ್ತಿ ಓದಿ ಬೈ.

ಹೊರಗಿನದೇನೂ ತಿನ್ನಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತಲ್ಲ, ನಿನ್ನ ಅಣ್ಣ ಒಂದು ಸಂಜೆ ತಂದ ಮಿರ್ಚಿ ಬಜ್ಜಿಯನ್ನು ಒಲ್ಲೆ ಎಂದೆ. ನಾನು ಬಜ್ಜಿ ಒಲ್ಲೆ ಎಂದರೆ ಯಾರು ಸುಮ್ಮನಿರುತ್ತಾರೆ? ಏನು ವಿಶೇಷ ಎಂದು ಅತ್ತೆ ಕೇಳಿದರು. ಅವರ ಮುಖದಲ್ಲಿ ಮೊಮ್ಮಗುವಿನ ಆಸೆ ಕಂಡು ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವರು ಎದ್ದು, ತಲೆಯ ಮೇಲೆ ನೀರು ಸುರಿದುಕೊಂಡು ಬಂದು, ದೇವರ ಮುಂದೆ ಬಹಳ ಹೊತ್ತು ಕೂತರು. ಆಮೇಲೆ ಹೊಸಿಲಿಗೆ ಬಂದು ನಿಂತು ಅಂದರು: "ಶುದ್ಧಿಗಂತ ಪಂಚಗವ್ಯ ಕುಡೀತೀವಿ. ಅದೂ ಆಕಳ ಹೊಟ್ಟಿಯಿಂದ ಬಂದದ್ದೇ ಅಲ್ಲೇನು? ಮಗಳು ಉಳೀತಾಳಂದ್ರ ಮನಶ್ಯಾರದ್ಯಾಕ ಬ್ಯಾಡ? ಒಳಗ ಬಾ. ಇವತ್ತಿನಿಂದ ನಿನ್ನ ಹೊಟ್ಟಿಗಿ ನಾನೇ ಮಡೀಲೆ ಮಾಡಿ ಹಾಕತೀನಿ."

ಅಂದಿನಿಂದ ಒಲೆಯ ಪಕ್ಕದಲ್ಲೇ ನನ್ನ ಮಣೆ. ಬಿಸಿ ರೊಟ್ಟಿ, ತೊಗರಿ ಬೇಳೆ, ಕಡೆದ ಮಜ್ಜಿಗೆ. ತವರಿನಲ್ಲೂ ನನ್ನನ್ನು ಯಾರೂ ಇಷ್ಟು ಕಾದು ಉಣಿಸಿರಲಿಲ್ಲ.

ನಿನ್ನೆ ಪ್ರತ್ಯೇಕ ರಾಜ್ಯಕ್ಕಾಗಿ ತೆಲಂಗಾಣ ಬಂದ್ ಇತ್ತು. ಹೆದ್ದಾರಿಯ ಮೇಲೇ ಒಲೆ ಹೂಡಿ, ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ವಂಟಾ ವಾರ್ಪು. ಪಕ್ಕದ ಮನೆಯ ಬಂಡಮ್ಮ ನನ್ನನ್ನು ಕೈಹಿಡಿದು ಕೂರಿಸಿದಳು. ಮಸಾಲೆ ಹಾಕಿದ ಬಗಾರಾ ಅನ್ನದ ಘಮಕ್ಕೆ ನಾನೂ ಸೋತೆ, ಸುಳ್ಳೇಕೆ? ತುತ್ತು ಎತ್ತಬೇಕು, ಅಷ್ಟರಲ್ಲಿ ಅತ್ತೆ! ಬೀದಿಯ ಅನ್ನವನ್ನು ಕಣ್ಣೆತ್ತಿಯೂ ನೋಡದವರು ಸಾಲಿನ ನಡುವೆ ನುಗ್ಗಿ ನನ್ನ ಎಲೆ ಕಸಿದುಕೊಂಡರು. ಬಂಡಮ್ಮನಿಗೆ ರೇಗಿತು. "ರಾಜ್ಯಾನೇ ಬದಲಾಗ್ಲಿಕತ್ತದ, ನಿಮ್ಮ ಮಡಿ ಬದಲಾಗಂಗಿಲ್ಲೇನ್ರಿ ಮಾಲತೀಬಾಯಿ?" ಎಂದಳು.

"ಮಡಿ ಹಾಳಾಗಿ ಹೋಗ್ಲಿ! ಅಕಿ ಹೊಟ್ಟಿಮ್ಯಾಲ ನನ್ನ ಮಗಳ ಜೀವ ಅದ!" ಎಂದು ಅತ್ತೆ ನಡುರಸ್ತೆಯಲ್ಲಿ ಕೂಗಿದರು. ನನಗೆ ಅಳು ತಡೆಯಲಾಗಲಿಲ್ಲ. ಈಗ ಓಣಿಯೆಲ್ಲ ನಾನು ಬಸುರಿ ಎಂದುಕೊಂಡಿದೆ. ಬೆಳಿಗ್ಗೆ ಬಂಡಮ್ಮ ಹುಣಸೆ ತೊಕ್ಕು ಕಳಿಸಿದ್ದಳು, ಅದನ್ನೂ ಅತ್ತೆ ಮುಟ್ಟಗೊಡಲಿಲ್ಲ.

ಸೋಮವಾರ ಬೆಳಗಿನ ರೈಲಿಗೆ ಹೈದರಾಬಾದಿಗೆ ಬಾ, ಒಪ್ಪಿಗೆಯ ಸಹಿ ಹಾಕು. ಅದೇ ಕಡೆಯ ದಿನ, ಆಮೇಲೆ ಆ ಸಂಶೋಧನೆಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಗುಣವಾಗದೆ ಆಪರೇಷನ್ನೇ ಆಗಬೇಕೆಂದರೆ ಆಗಲೂ ನಿನ್ನ ಮಂಚದ ಪಕ್ಕ ನಾನೇ ಇರುತ್ತೇನೆ. ಆದರೆ ನಾಚಿಕೆಗಾಗಿ ಕರುಳು ಕಳೆದುಕೊಳ್ಳಬೇಡ ತಾಯಿ. ನಾಚಿಕೆ ಇವತ್ತು ಹೋದರೆ ನಾಳೆ ಬಂದೀತು.

ಬಜ್ಜಿಯ ಆಸೆ ಕಟ್ಟಿಟ್ಟು ಕೂತಿರುವ
ನಿನ್ನ ವೈನಿ,
ಮಹಾನಂದಾ

ತಾ.ಕ.: ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. ಇನ್ನೊಂದು ಮಾತು ಬರಿ ಎಂದರು. ಮಗಳಿಗೆ ತಾವೇ ಕೊಡಬೇಕೆಂದಿದ್ದರಂತೆ, ಕೊಡುವಂತಿಲ್ಲ. ನೀನು ಹುಟ್ಟಿದ ಮೇಲಿನಿಂದ ಅವರಿಗೂ ಬಿಟ್ಟು ಬಿಟ್ಟು ರಕ್ತ ಹೋಗುತ್ತಿದೆ. ಮಂದಿಯ ಮನೆಯಲ್ಲಿ ಉಣ್ಣದ್ದು, ಊರಿಗೆ ಹೋಗದ್ದು, ಮೇಲಿಂದ ಮೇಲೆ ಸ್ನಾನ, ಎಲ್ಲ ಅದಕ್ಕೇ. ರಕ್ತದ ಬಟ್ಟೆಯನ್ನು ಅವರು ಕದ್ದು ಒಗೆಯುವ ಹಿತ್ತಲ ಬಚ್ಚಲಿಗೆ ದಾರಿ ಅಡಿಗೆಮನೆಯೊಳಗಿಂದಲೇ ಅಲ್ಲವೇ? ನನ್ನನ್ನು ಒಳಗೆ ಬಿಡದಿರಲು ಜಾತಿಯೊಂದೇ ಕಾರಣವಾಗಿರಲಿಲ್ಲ. "ಮಡಿ ಅಂದ್ರ ಯಾರೂ ಯಾಕಂತ ಕೇಳಂಗಿಲ್ಲ" ಎಂದರು. ಸೋಮವಾರ ನನ್ನ ಜೊತೆ ಅವರೂ ಡಾಕ್ಟರಿಗೆ ತೋರಿಸಿಕೊಳ್ಳಲು ಬರುತ್ತಾರೆ. ಆದರೆ ನೀನು ಮೊದಲು ಒಳಗೆ ಹೋದರೆ ಮಾತ್ರವಂತೆ.