ಕಣ್ಣಿನ ಮೇಲೆ ಹಳದಿ ಚೀಟಿ

ನವೆಂಬರ್ ೩, ಸೋಮವಾರ

ಮತ್ತೆ ಅದೇ ಕೆಲಸ. ಕಂಪ್ಯೂಟರ್ ಪರದೆಯಲ್ಲಿ ನಮ್ಮ ಕಾಲೇಜು ಪತ್ರಿಕೆಯ ಹೆಸರನ್ನು ಮೇಲಕ್ಕೆ ಸರಿಸಿದೆ. ಕೆಳಕ್ಕೆ ಸರಿಸಿದೆ. ಮತ್ತೆ ಮೇಲಕ್ಕೆ. ‘ಹಕಾವು’ — ದಪ್ಪ ಅಕ್ಷರ, ಹವಳದ ದಿಬ್ಬದ ಹತ್ತಿರ ನೀರಿಗಿರುವ ಹಸಿರು ಬಣ್ಣ. ಹೆಸರಿನ ಅರ್ಥವೂ ಆ ದಿಬ್ಬವೇ. ಹೊರಗೆ ಬ್ಯಾಂಡಿನವರ ಅಭ್ಯಾಸ, ಒಂದೇ ಸಾಲು ಹತ್ತು ಸಲ... ಅರ್ಧ ಕಿಟಕಿಯೊಳಗೆ ಬಂತು, ಅರ್ಧ ಸಮುದ್ರದ ಕಡೆ ಹೋಯಿತು.

ಪತ್ರಿಕೆ ನೋಡಿಕೊಳ್ಳುವ ಫಿನಾವು ಮಿಸ್ ಗೋಡೆಗೆ ಅಂಟಿಸಿದ ಹಾಳೆ ಎದುರಿಗೇ ಇದೆ. ಮುಖಪುಟದ ನಿಯಮಗಳು. ಹೆಸರು ಮೇಲೆ, ಎಲ್ಲಕ್ಕಿಂತ ದೊಡ್ಡದು. ಒಂದೇ ಮುಖ. ಆ ಮುಖದ ತಲೆ ಪತ್ರಿಕೆಯ ಹೆಸರಿನ ಒಂದು ಅಕ್ಷರವನ್ನು ತುಸು ಮುಚ್ಚಬೇಕು. ಒಳಗಿನ ಲೇಖನಗಳ ಸಾಲು ಎಡಕ್ಕೆ. ಮೂರೇ ಬಣ್ಣ. ಮೂಲೆಯಲ್ಲಿ ಬಾರ್‌ಕೋಡ್. ನಮ್ಮದು ಪುಕ್ಕಟೆ ಪತ್ರಿಕೆ, ಆದರೂ ಬೇಕಂತೆ. ತೌಫಾ ಬೀಫ್ ಡಬ್ಬಿಯ ಬಾರ್‌ಕೋಡನ್ನೇ ಸ್ಕ್ಯಾನ್ ಮಾಡಿ ಹಾಕಿದ್ದಾಳೆ. ಕೊನೆಯ ನಿಯಮದ ಕೆಳಗೆ ಕೆಂಪು ಗೆರೆ: ಮುಖಪುಟದವರು ಓದುಗರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು.

ತೌಫಾ ಸಂಪಾದಕಿ, ಫೋಟೋ ತೆಗೆಯುವವಳೂ ಅವಳೇ. ಬಂದವಳೇ ಶುರು ಮಾಡಿದಳು.

"ಲೋಸೆಲಿ, ಈ ಸಲ ಮುಖಪುಟಕ್ಕೆ ಯಾರು ಗೊತ್ತೇನೇ? ಕಾರ್ನೆಟ್ ಊದೋ ಲಿಸಿಯಾತೆ!"

"ಬೇಡ ಕಣೇ."

"ಯಾಕೆ, ನಿಮ್ಮಣ್ಣ ಚೆನ್ನಾಗಿಲ್ವಾ? ಬ್ಯಾಂಡು ಸ್ಪರ್ಧೆ ಗೆದ್ದಿದ್ದು ಅವನಿಂದ. ಇಪ್ಪತ್ತೆರಡನೇ ತಾರೀಕು ವವಾಉ ದ್ವೀಪಕ್ಕೆ ಹೊರಟುಬಿಡ್ತಾನೆ. ಆಮೇಲೆ ಮೂರು ವರ್ಷ ಅಲ್ಲಿನ ಮಕ್ಕಳಿಗೆ ಪಾಠ ಹೇಳ್ಕೊಂಡು ಕೂತಿರ್ತಾನೆ, ಎಲ್ಲಿ ಹಿಡಿಯೋದು?"

ಇಪ್ಪತ್ತೆರಡು. ನಾನೂ ದಿನ ಎಣಿಸುತ್ತಲೇ ಇದ್ದೇನೆ.

ನವೆಂಬರ್ ೫, ಬುಧವಾರ

ಫೋಟೋ ಆಯಿತು. ಆಯಿತು ಅನ್ನಬೇಕೋ ಬೇಡವೋ.

ಅಣ್ಣ ನಮ್ಮಲ್ಲಿ ಮರ್ಯಾದೆಗೆ ಉಡುವಂತೆ ಸೊಂಟಕ್ಕೆ ಅಮ್ಮ ಹೆಣೆದ ಚಾಪೆ ಸುತ್ತಿಕೊಂಡು, ಕಾರ್ನೆಟ್ ಹಿಡಿದು ನಿಂತ. ಬೆಳಕು ಮುಖಕ್ಕೆ ಬೀಳಲಿ ಅಂತ ನಾನು ಬಿಳಿ ರಟ್ಟು ಹಿಡಿದು ನಿಂತೆ. ಮೂವತ್ತೇಳು ಫೋಟೋ. ಮೂವತ್ತೇಳರಲ್ಲೂ ತಲೆ ತಗ್ಗಿಸಿದ್ದಾನೆ.

"ಲಿಸಿಯಾತೆ, ನೆಲದಲ್ಲಿ ಏನು ಬಿದ್ದಿದೆಯಪ್ಪಾ? ಇಲ್ಲಿ ನೋಡು!" ತೌಫಾ ಕೂಗಿ ಕೂಗಿ ಸುಸ್ತಾದಳು. ಆಮೇಲೆ ನನ್ನತ್ತ ತಿರುಗಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ನೀನು ಇಲ್ಲೇ ನಿಂತಿದ್ದೀಯಲ್ಲೇ!"

ನನಗೂ ಹೊಳೆದಿರಲಿಲ್ಲ. ರಟ್ಟು ಕುರ್ಚಿಗೆ ಒರಗಿಸಿ ಆಚೆ ಹೋದೆ. ಹಲಸಿನಂಥ ಆ ದೀವಿಮರದ ಕೆಳಗೆ ಕೂತೆ. ಒಳಗೆ ಮೂರು ಸಲ ಕ್ಲಿಕ್ ಸದ್ದು. ೩೮, ೩೯, ೪೦. ಕಣ್ಣು ಮೇಲೆತ್ತಿದನಂತೆ.

ಅಣ್ಣನಿಗೆ ಹನ್ನೆರಡಾದಾಗ ಅವನ ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಅವತ್ತಿನಿಂದ ಒಟ್ಟಿಗೆ ಟಿವಿ ಇಲ್ಲ, ತಮಾಷೆ ಇಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ನಮ್ಮ ಪದ್ಧತಿಯಲ್ಲಿ ಚಿಕ್ಕವಳಾದರೂ ತಂಗಿಯೇ ಮೇಲು, ಅಣ್ಣ ತಗ್ಗಬೇಕು. ಬೇರೆ ಮನೆಗಳಲ್ಲಿ ಇದೆಲ್ಲ ಸಡಿಲವಾಗಿದೆ. ನಮ್ಮಮ್ಮ ಬಿಡುವವಳಲ್ಲ. ಒಂಬತ್ತು ವರ್ಷವಾಯಿತು.

ನವೆಂಬರ್ ೬, ಗುರುವಾರ

ನಲವತ್ತನೆಯ ಫೋಟೋ ಹಾಕಿದೆ. ಪರದೆಯ ತುಂಬ ಅಣ್ಣ. ನನ್ನನ್ನೇ ನೋಡುತ್ತಿದ್ದಾನೆ. ಎದ್ದು ನೀರು ಕುಡಿದು ಬಂದೆ. ಇನ್ನೂ ನೋಡುತ್ತಿದ್ದಾನೆ.

ಕೊನೆಗೆ ಹಳದಿ ಅಂಟುಚೀಟಿ ತಂದು ಪರದೆಯ ಮೇಲೆ ಅವನ ಕಣ್ಣಿಗೆ ಸರಿಯಾಗಿ ಅಂಟಿಸಿದೆ. ಈಗ ಗದ್ದ ಮಾತ್ರ. ಕೆಲಸ ಸಾಗಿತು. ಸಾಲುಗಳನ್ನು ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ...

ನವೆಂಬರ್ ೯, ಭಾನುವಾರ

ಕೆಲಸ ನಿಷಿದ್ಧ. ಚರ್ಚು, ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಮಾಂಸ, ನಿದ್ದೆ. ಕನಸಿನಲ್ಲಿ ಮುಖಪುಟದ ಅಕ್ಷರಗಳು ನೀರಲ್ಲಿ ತೇಲುತ್ತಿದ್ದವು. ಒಂದೊಂದನ್ನೇ ಆರಿಸಿ ದಡಕ್ಕೆ ಹಾಕುತ್ತಿದ್ದೆ, ಅವು ಮತ್ತೆ ಇಳಿದು ಹೋಗುತ್ತಿದ್ದವು.

ಎದ್ದಾಗ ನೆನಪಾಯಿತು. ಚಿಕ್ಕಂದಿನಲ್ಲಿ ನಾನು ಅತ್ತರೆ ಅಣ್ಣ ಮೆಳ್ಳೆಗಣ್ಣು ಮಾಡುತ್ತಿದ್ದ. ಎರಡೂ ಗುಡ್ಡೆ ಮೂಗಿನ ಹತ್ತಿರ. ಅಳು ಎಲ್ಲಿಗೋ ಹೋಗುತ್ತಿತ್ತು. ಆ ಕಣ್ಣುಗಳು ಈಗ ಹೇಗಿವೆ ಅಂತಲೇ ನನಗೆ ಗೊತ್ತಿಲ್ಲ. ಹೋಗುವುದರೊಳಗೆ ಒಂದು ಸಲ ನೋಡಬೇಕು. ಇಷ್ಟೇ ನನ್ನ ಆಸೆ, ಬರೆದುಬಿಟ್ಟೆ.

ನವೆಂಬರ್ ೧೨, ಬುಧವಾರ

ಮಾನ ಹೋಯಿತು.

ಮುದ್ರಣಾಲಯದಿಂದ ಮುಖಪುಟದ ಪ್ರೂಫ್ ಬಂತು. ನಾನು ನೋಡುವ ಮೊದಲೇ ತೌಫಾ ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿದ್ದಳು. ಅಣ್ಣನ ಎರಡೂ ಕಣ್ಣಿನ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ದಪ್ಪಗೆ: ಕ್ಯಾಂಟೀನಿನ ಡೋನಟ್ ಯಾಕೆ ಚಿಕ್ಕದಾಗುತ್ತಿದೆ? ಎಳೆದಾಡುವಾಗ ಆ ಲೇಖನದ ಸಾಲು ಚೀಟಿಯ ಕೆಳಗೆ ಹೋಗಿ ಕೂತಿದೆ. ನನಗೆ ಕಂಡಿಲ್ಲ.

ತೌಫಾ ನಕ್ಕು ನಕ್ಕು ನೆಲದ ಮೇಲೆ ಕೂತಳು. ಓಡಿಹೋಗಿ ಕಿತ್ತೆ. ಅಷ್ಟರಲ್ಲಿ ಬ್ಯಾಂಡಿನವರೆಲ್ಲ ನೋಡಿದ್ದರು, ಅಣ್ಣನೂ.

ಸಂಜೆ ಅಮ್ಮ ಅವನ ತಟ್ಟೆಯನ್ನು ಹಿತ್ತಲಿಗೆ ಕೊಟ್ಟು ಬಂದಳು. ನಾನು ತಲೆ ಎತ್ತಲಿಲ್ಲ.

"ಲಿಸಿಯಾತೆ ಏನೋ ಹೇಳಿ ಕಳ್ಸಿದಾನೆ."

"ಏನಂತಮ್ಮಾ?"

"ಡೋನಟ್ ನಿಜವಾಗ್ಲೂ ಚಿಕ್ಕದಾಗಿದೆಯಂತೆ. ಅಕ್ಷರ ಇನ್ನೂ ದಪ್ಪ ಮಾಡಬಹುದಿತ್ತಂತೆ." ಅಮ್ಮನ ಮುಖದಲ್ಲಿ ನಗುವಿಲ್ಲ. "ಮರಗೆಣಸು ಆರಿಹೋಗ್ತಿದೆ, ತಿನ್ನು."

ತಮಾಷೆ ಮಾಡಬಾರದು. ಅಮ್ಮನ ಬಾಯಿಂದ ಬಂದರೆ ತಮಾಷೆಯಲ್ಲ ತಾನೇ? ಒಂಬತ್ತು ವರ್ಷಕ್ಕೆ ಒಂದು. ತಟ್ಟೆಯ ಮುಂದೆ ಅತ್ತೆ, ನಕ್ಕೆ, ಎರಡೂ.

ನವೆಂಬರ್ ೧೩, ಗುರುವಾರ

ಚೀಟಿ ಕಿತ್ತೆ. ನೋಡಿದೆ.

ಅಮ್ಮನ ಕಣ್ಣೇ. ಆದರೆ ನಲವತ್ತನೆಯದರಲ್ಲಿ ಅವನು ಅಣ್ಣನಲ್ಲ, ಪಾಸ್‌ಪೋರ್ಟಿನ ಫೋಟೋ. ಬಿಗಿದ ತುಟಿ. ಬೇಜಾರಾಯಿತು. ಸುಮ್ಮನೆ ಹಿಂದಿನವನ್ನು ತೆರೆದೆ. ಒಂದು, ಎರಡು, ಮೂರು... ಎಲ್ಲದರಲ್ಲೂ ತುಟಿಯ ಕೊನೆಯಲ್ಲಿ ನಗು.

ಹನ್ನೆರಡನೆಯದನ್ನು ದೊಡ್ಡದು ಮಾಡಿದೆ. ಅವನು ನೆಲ ನೋಡುತ್ತಿಲ್ಲ. ಫೋಟೋದ ಅಂಚಿನಲ್ಲಿ ನನ್ನ ಎರಡು ಪಾದ. ಪಟ್ಟಿ ಕಿತ್ತ ಚಪ್ಪಲಿ, ಹಸಿರು ದಾರದಲ್ಲಿ ನಾನೇ ಹೊಲಿದದ್ದು. ಅದನ್ನು ನೋಡಿ ನಗುತ್ತಿದ್ದಾನೆ. ಅವನು ನೋಡಬಹುದಾದ ನಾನು ಅಷ್ಟೇ, ಅಷ್ಟನ್ನೇ ನೋಡಿದ್ದಾನೆ.

ನವೆಂಬರ್ ೧೪, ಶುಕ್ರವಾರ

ಜಗಳ. ಹನ್ನೆರಡನೆಯದೇ ಬೇಕೆಂದೆ.

"ಕೆಂಪು ಗೆರೆ ಕಾಣಲ್ವಾ?" ತೌಫಾ ಹಾಳೆ ತೋರಿಸಿದಳು. "ಓದುಗರ ಕಣ್ಣಲ್ಲಿ ಕಣ್ಣು!"

"ನಮ್ಮೂರು ನುಕುಅಲೋಫಾದಲ್ಲಿ ಓದೋರು ಯಾರೇ? ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ಅವರ ಮಕ್ಕಳು. ಅರ್ಧ ಊರು ಅವನಿಗೆ ಅಕ್ಕತಂಗಿ. ಅಷ್ಟೂ ಜನರನ್ನ ದುರುಗುಟ್ಟಿಕೊಂಡು ನೋಡ್ಬೇಕಾ ಅವನು?"

ಫಿನಾವು ಮಿಸ್ ಬಂದು ಪರದೆಗೆ ಬಗ್ಗಿ ನೋಡಿದರು.

"ತಲೆ ತಗ್ಗಿಸಿದ್ರೆ ಹೆಸರು ಪೂರ್ತಿ ಕಾಣತ್ತಲ್ಲೇ," ಅಂದರು. ಗೋಡೆಯ ಹಾಳೆಯಲ್ಲಿ ಕೆಂಪು ಗೆರೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಹೋದರು.

ಎದೆಯವರೆಗೆ ಕತ್ತರಿಸಿದೆ. ಚಪ್ಪಲಿ ಹೊರಗೆ ಹೋಯಿತು. ಏನು ನೋಡಿ ನಗುತ್ತಿದ್ದಾನೆ ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ನವೆಂಬರ್ ೨೨, ಶನಿವಾರ. ಬಂದರು.

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬೇಕೆಂದೇ ಹಸಿರು ದಾರದ ಚಪ್ಪಲಿ ಹಾಕಿ ಬಂದೆ. ಅಣ್ಣ ಎದುರು ಬಂದು ನಿಂತ, ಕಂಕುಳಲ್ಲಿ ‘ಹಕಾವು’. ಚಪ್ಪಲಿ ನೋಡಿದ. ನಾನು ಅವನ ಕಾರ್ನೆಟ್ ಪೆಟ್ಟಿಗೆ ನೋಡಿದೆ.

"ಅಮ್ಮಾ, ಅವಳಿಗೆ ಹೇಳು," ಅಂದ. "ಹೊಸ ಚಪ್ಪಲಿ ತಗೋಬೇಡ ಅಂತ."

ಅಮ್ಮ ನನ್ನ ಕಡೆ ತಿರುಗಿ ಅದನ್ನೇ ಹೇಳಿದಳು.

ಹಗ್ಗ ಬಿಚ್ಚಿದರು. ಹಡಗು ಸರಿಯುತ್ತಿದೆ... ಅಣ್ಣ ಮೇಲಿನ ಅಟ್ಟದ ಕಂಬಿ ಹಿಡಿದು ನಿಂತಿದ್ದಾನೆ. ಮುಖಗಳೆಲ್ಲ ಚುಕ್ಕೆಯಾದವು. ಇಷ್ಟು ದೂರದಿಂದ ಕಣ್ಣು ಕಾಣುವುದಿಲ್ಲ, ಆದ್ದರಿಂದ ತಪ್ಪಿಲ್ಲ. ತಲೆ ಎತ್ತಿದೆ. ಅವನೂ ಎತ್ತಿದ. ಪತ್ರಿಕೆಯನ್ನು ಮುಖದ ಮುಂದೆ ಹಿಡಿದಿದ್ದಾನೆ. ಇಳಿಸುತ್ತಿದ್ದಾನೆ. ಇತ್ತಲೇ ನೋಡುತ್ತಿದ್ದಾನೆ. ಏನೂ ಕಾಣುತ್ತಿಲ್ಲ, ಆದರೂ ನನಗೆ ಗೊತ್ತು, ಅಣ್ಣ ಈಗ ಮೆಳ್ಳೆಗಣ್ಣು ಮಾಡುತ್ತಿದ್ದಾ—