ಐದೂವರೆ ಗೇಣಿನ ಕಡಲು

ತೂತ್ತುಕುಡಿ,
ಫೆಬ್ರುವರಿ 19, ಬುಧವಾರ

ಪ್ರೀತಿಯ ಬ್ರಿಟ್ಟೋ,

ಹೇಗಿದ್ದೀರಿ? ಸೊಂಟ ನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಿಂದ ನೇರವಾಗಿ ಹೊರಗಿನ ಗಾಳಿಗೆ ಬರಬೇಡಿ ಎಂದು ಮೂರು ಸಲ ಬರೆಯಲು ಅತ್ತೆ ಹೇಳಿದ್ದಾರೆ. ಒಂದು ಸಲ ಬರೆದಿದ್ದೇನೆ, ಮೂರು ಸಲ ಓದಿಕೊಳ್ಳಿ. ನಾವೆಲ್ಲ ಚೆನ್ನಾಗಿದ್ದೇವೆ. ಪಕ್ಕದ ಮನೆಯ ಡೆಲ್ಫಿನ್ ಕೊಲಂಬೋದಲ್ಲಿ ನಿಮ್ಮ ಹಡಗನ್ನೇ ಹತ್ತುತ್ತಾನಂತೆ. ಅವನ ಕೈಯಲ್ಲಿ ಈ ಕಾಗದವನ್ನೂ ಒಂದು ಡಬ್ಬಿ ಗೋಡಂಬಿ ಮೆಕರೂನ್ ಸಿಹಿಯನ್ನೂ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಇಪ್ಪತ್ತೆಂಟು ಇವೆ. ಕಡಿಮೆ ಬಿದ್ದರೆ ಡೆಲ್ಫಿನ್‌ನನ್ನೇ ವಿಚಾರಿಸಿ.

ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ ಗೊತ್ತು: ಮಾವ ಮತ್ತೆ ಕಡಲಲ್ಲಿ ಮುಳುಗಿ ಶಂಖ ತೆಗೆಯಲು ದೋಣಿ ಹತ್ತಿದರೋ ಇಲ್ಲವೋ. ಕಿವಿಯಿಂದ ರಕ್ತ ಬಂದ ಮೇಲೆ ಇನ್ನು ಒಂದು ಸಲವೂ ಮುಳುಗಬಾರದು ಎಂದು ಡಾಕ್ಟರು ಹೇಳಿದ್ದು ನಮ್ಮೆಲ್ಲರಿಗೂ ಕೇಳಿಸಿತು, ಅವರೊಬ್ಬರಿಗೆ ಕೇಳಿಸಲಿಲ್ಲ. ನೀವು ಹೊರಟ ದಿನ ಬಾಗಿಲಲ್ಲಿ ನಿಂತು ಅವರು ಹೇಳಿದ್ದು ನೆನಪಿದೆಯಲ್ಲ? "ಆಯ್ತು ಮಗಾ, ನಿನ್ನ ಗಾಜಿನ ಪೆಟ್ಟಿಗೇನ ನೋಡ್ಕೊಂಡು ಕೂತಿರ್ತೀನಿ. ಹದಿನೇಳನೇ ತಾರೀಕು ಗಸ್ಪಾರ್ ದೋಣಿ ಹೊರಡುತ್ತೆ. ಅಷ್ಟರಲ್ಲಿ ಅದು ನೋಡೋ ಹಂಗಾಗದಿದ್ರೆ ನಾನು ದೋಣೀಲಿರ್ತೀನಿ." ಆ ವಿಷಯಕ್ಕೆ ಬರುತ್ತೇನೆ. ಮೊದಲು ನೀರಿನ ಕಥೆ ಕೇಳಿ.

ನೀವು ಹೋದ ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕಡಲ ಮೀನು ಸಾಕಲು ನೀವಿಟ್ಟ ಗಾಜಿನ ತೊಟ್ಟಿಯ ಉಪ್ಪುನೀರು ಹಾಲಿನಂತೆ ಬೆಳ್ಳಗಾಗಿತ್ತು. ತಳದ ಮರಳು ಕಾಣದು, ನೀವು ಜೋಡಿಸಿದ ಕಲ್ಲುಗಳು ಕಾಣವು. ಮಾವನಿಗೆ ಅದೆಷ್ಟು ಖುಷಿಯಾಯಿತು ಎಂದರೆ ಆ ದಿನ ಎರಡು ದೋಸೆ ಹೆಚ್ಚು ತಿಂದರು. "ಉಪ್ಪಿನ ಗದ್ದೆ ಇರೋ ಊರಿಗೆ ಚೆನ್ನೈಯಿಂದ ಉಪ್ಪಿನ ಚೀಲ ತಂದ ನಿನ್ನ ಮಗ. ಕಡಲಿಗೇ ಅವಮಾನ ಆಗಿ ಮುಖ ಮುಚ್ಕೊಂಡಿದೆ" ಎಂದು ಅತ್ತೆಯನ್ನು ಛೇಡಿಸಿದರು. ಅತ್ತೆ ಬಿಡುತ್ತಾರೆಯೇ? ಮಾವ ಮಧ್ಯಾಹ್ನ ಮಲಗಿದ ಹೊತ್ತು ನೋಡಿ, ತಮ್ಮ ತವರಿನಲ್ಲಿ ಕೆರೆಯ ನೀರು ತಿಳಿಯಾಗಿಸಲು ಮಡಕೆಯೊಳಗೆ ಉಜ್ಜುತ್ತಿದ್ದರಲ್ಲ, ಆ ಬೀಜ ತೇಯ್ದು ಒಂದು ಬಟ್ಟಲು ಗಂಧದಂತೆ ಮಾಡಿ ತೊಟ್ಟಿಗೆ ಸುರಿದರು. ಮಡಕೆಗೆ ಒಪ್ಪಿದ್ದು ತೊಟ್ಟಿಗೆ ಒಪ್ಪಲಿಲ್ಲ. ಮರುದಿನ ಹಾಲು ಗಟ್ಟಿಯಾಗಿ ಗಂಜಿಯಾಯಿತು.

ನನ್ನ ತಪ್ಪನ್ನೂ ಬರೆದುಬಿಡುತ್ತೇನೆ. ಕೊಳೆ ಕಂಡರೆ ನನ್ನ ಕೈ ಸುಮ್ಮನಿರದು ಎಂದು ನಿಮಗೆ ಗೊತ್ತು. ಮೂರು ದಿನ, ದಿನಕ್ಕೆ ಆರು ಬಕೆಟ್‌ನಂತೆ ಹಳೆಯ ನೀರು ತೆಗೆದು ಹೊಸದಾಗಿ ಉಪ್ಪು ಕಲಸಿ ತುಂಬಿದೆ. ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬಿಳಿಯಾಗುವವರೆಗೆ ಹಿಂಡಿ ತೊಳೆದೆ. ಸ್ಪಂಜು ಹೊಸದರಂತೆ ಹೊಳೆಯಿತು, ನೀರು ಇದ್ದ ಹಾಗೆಯೇ ಇತ್ತು. ಕೊನೆಗೆ ಒಂಬತ್ತನೇ ತಾರೀಕು ತೊಟ್ಟಿ ಮಾರಿದ ಚೆನ್ನೈ ಅಂಗಡಿಗೆ ಫೋನ್ ಮಾಡಿದೆ. ಆತ ಎಲ್ಲವನ್ನೂ ಕೇಳಿ, "ಅಕ್ಕಾ, ಆ ಬಿಳಿ ಕೊಳೆ ಅಲ್ಲ, ಕಣ್ಣಿಗೆ ಕಾಣದ ಜೀವಿಗಳು. ಹೊಸ ತೊಟ್ಟೀಲಿ ಒಂದೇ ಸಲ ಹೆಚ್ಕೊಳ್ತವೆ, ತಿನ್ನೋಕೆ ಏನೂ ಸಿಗದಿದ್ರೆ ತಾವೇ ಅಡಗ್ತವೆ. ನಿಮ್ಮ ಅತ್ತೆ ಅವಕ್ಕೆ ಊಟ ಹಾಕಿದ್ರು, ನೀರು ಸರಿ ಮಾಡೋ ಒಳ್ಳೇ ಜೀವಿಗಳ್ನ ನೀವು ನಲ್ಲಿ ಕೆಳಗೆ ತೊಳೆದು ಕಳಿಸಿದ್ರಿ. ಗಾಳಿ ಗುಳ್ಳೆ ಬರ್ತಾ ಇರ್ಲಿ. ನೀವು ಮಾತ್ರ ದಯವಿಟ್ಟು ಕೈ ಕಟ್ಕೊಂಡು ಕೂತ್ಕೊಳ್ಳಿ" ಎಂದ.

ಈ ಮನೆಯಲ್ಲಿ ಕೈ ಕಟ್ಟಿ ಕೂರಲು ಯಾರಿಗೆ ಬರುತ್ತದೆ ಹೇಳಿ? ನಾನು ಹೇಳಿದ್ದನ್ನು ಕೇಳುತ್ತಾ ಮಾವ ಮೊದಲ ಬಾರಿಗೆ ಕುರ್ಚಿಯಿಂದ ಎದ್ದು ತೊಟ್ಟಿಯ ಹತ್ತಿರ ಬಂದರು. "ಇದನ್ನ ಹೇಳೋಕೆ ಚೆನ್ನೈಯವನು ಬೇಕಾ? ಕಡಲು ಕಲಕಿದ ದಿನ ನಾವೇನು ಬೀಜ ತೇಯ್ತಿದ್ವಾ? ಶಂಖ ಇಳಿಬಿಟ್ಟು ನೋಡಿ ಮನೆಗೆ ಬರ್ತಿದ್ವಿ" ಎಂದವರೇ ಒಳಗೆ ಹೋಗಿ ಹಳೆಯ ಬಿಳಿ ಶಂಖ ತಂದರು. ದೋಣಿಯಲ್ಲಿ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದರಂತೆ, ಎಷ್ಟು ಮಾರು ಆಳದಲ್ಲಿ ಕಣ್ಮರೆಯಾಗುತ್ತದೋ ಅದೇ ಆ ದಿನದ ಕಡಲಿನ ಲೆಕ್ಕ. ಇಲ್ಲಿ ಮಾರಿಗೆ ಜಾಗವಿಲ್ಲ, ಗೇಣಿನಲ್ಲೇ ಅಳೆದೆವು. ಅವರು ಒಂದು ತುದಿಯ ಗಾಜಿಗೆ ಕಣ್ಣು ಹಚ್ಚಿ ಕೂರುವುದು, ನಾನು ಹಿಂಬದಿಯ ಉದ್ದ ಗಾಜಿನ ಹೊರಗೆ ಶಂಖ ಹಿಡಿದು ಇನ್ನೊಂದು ತುದಿಯತ್ತ ಸರಿಯುತ್ತಾ ಹೋಗುವುದು, ಅವರು "ನಿಲ್ಲು, ಹೋಯ್ತು" ಎನ್ನುವುದು. ಮೊದಲ ದಿನ ಒಂದು ಗೇಣು. ಎರಡನೆಯ ದಿನವೂ ಒಂದೇ. ಅತ್ತೆ ನೀರಿಗೆ ಬೆರಳು ಅದ್ದಲು ಹೋದರೆ "ಅಮಲೂ, ಕೈ ತೆಗಿ! ನಿನ್ನ ಮೀನು ಸಾರಲ್ಲ ಅದು" ಎಂದು ಕೂಗು. ಗುರುವಾರ ಎರಡು ಗೇಣು, ಶನಿವಾರ ನಾಲ್ಕು. ಎಲ್ಲವನ್ನೂ ಚರ್ಚಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಾರೆ.

ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ಬಟ್ಟೆಯನ್ನೂ ಬದಲಿಸದೆ ಅಳೆದೆವು. ನಾನು ಸರಿದೆ, ಸರಿದೆ, ತೊಟ್ಟಿಯೇ ಮುಗಿದುಹೋಯಿತು, ಅವರು ನಿಲ್ಲು ಎನ್ನಲೇ ಇಲ್ಲ. ಪೂರಾ ಐದೂವರೆ ಗೇಣು! ಆ ಕಡೆ ಅಡುಗೆಮನೆಯಲ್ಲಿ ಸಿಗಡಿ ಬಿಡಿಸುತ್ತಾ ಕೂತಿದ್ದ ಅತ್ತೆಯೂ ನೀರಿನಾಚೆ ಕಂಡರು. "ಅಯ್ಯೋ, ನೀನೂ ಕಾಣಿಸ್ತೀಯಲ್ಲೇ! ಮತ್ತೆ ಸ್ವಲ್ಪ ಬೀಜ ತೇಯ್ತೀಯಾ?" ಎಂದರು ಮಾವ. ಅತ್ತೆ ಎಸೆದ ಸಿಗಡಿ ಸಿಪ್ಪೆ ಇನ್ನೂ ಗಡಿಯಾರದ ಹಿಂದೆ ಸಿಕ್ಕಿಕೊಂಡಿದೆ.

ತಿಳಿಯಾದ ಮಾತ್ರಕ್ಕೆ ಮೀನು ಬಿಡಬಾರದಂತೆ. ನೀರು ಪರೀಕ್ಷಿಸುತ್ತಾ ಇನ್ನೂ ಎರಡು ವಾರವಾದರೂ ಕಾಯಬೇಕು ಎಂದು ಅಂಗಡಿಯವನು ಹೇಳಿದ್ದಾನೆ. ಕಾಯುತ್ತಿದ್ದೇವೆ. ಸ್ಪಂಜನ್ನು ನಾನು ಮುಟ್ಟಿಲ್ಲ, ಆಣೆಯಿಟ್ಟು ಹೇಳುತ್ತೇನೆ. ಮಾವ ಅತ್ತೆಯ ಆಶೀರ್ವಾದ ನಿಮ್ಮೊಂದಿಗಿದೆ. ನಮ್ಮ ಚರ್ಚಿನ ಪನಿಮಯ ಮಾತೆ ನಿಮ್ಮ ಹಡಗನ್ನು ಕಾಯಲಿ.

ನಿಮ್ಮ,
ಜೆಸಿಂತಾ

ತಾ.ಕ.: ಮುಖ್ಯವಾದದ್ದನ್ನೇ ಬರೆಯಲಿಲ್ಲ ನೋಡಿ, ಡೆಲ್ಫಿನ್ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಸೋಮವಾರ ಬೆಳಿಗ್ಗೆ ಗಸ್ಪಾರ್ ಬಂದರು. "ಲೂರ್ದಣ್ಣಾ, ಗಾಳಿ ತಗ್ಗಿದೆ, ಹೊರಡು." "ಆಗಲ್ಲ ಕಣಯ್ಯಾ, ನೀರು ನೋಡ್ಬೇಕು" ಎಂದರು ಮಾವ. "ನಿನ್ನೇನೇ ತಿಳಿಯಾಯ್ತಂತಲ್ಲ, ಮೀನೂ ಇಲ್ಲ. ಇನ್ನೇನು ನೋಡೋದು?" "ತಿಳಿಯಾಗಿರೋದಕ್ಕೇ ನೋಡೋದು." ಆಮೇಲೆ ಗೋಡೆಯ ಮೊಳೆಯಿಂದ ತಮ್ಮ ಮುಳುಗುವ ಕನ್ನಡಕ ಇಳಿಸಿ ಮುಖಕ್ಕೆ ಹಾಕಿಕೊಂಡರು. ದೋಣಿಗೇ ಹೊರಟರು ಎಂದುಕೊಂಡೆ. ಅವರು ತೊಟ್ಟಿಯ ಮುಂದೆ ಬಗ್ಗಿ, ತುಂಬ ಹೊತ್ತು ಒಳಗೆ ನೋಡಿದರು. ನಂತರ ಅದನ್ನು ಬಿಚ್ಚಿ ಗಸ್ಪಾರ್ ಕೈಗೆ ಕೊಟ್ಟು, "ಎಡಗಡೆ ಸ್ವಲ್ಪ ನೀರು ಬರುತ್ತೆ, ಪಟ್ಟಿ ಬಿಗಿ ಮಾಡ್ಕೋ" ಎಂದರು.