ಈ ವರ್ಷ ಪಾಕ ಕಳಿಸುವುದಿಲ್ಲ

ಎಲ್ಮೈರಾ, ಒಂಟಾರಿಯೊ
ಮಾರ್ಚ್ 19, 1987

ಪ್ರೀತಿಯ ಮಗಳು ಲೊವೀನಾಗೆ,

ಹೇಗಿದ್ದೀಯಮ್ಮಾ? ಕಾಲಿನ ಬಾವು ಇಳಿಯಿತೇ? ಏಡನ್ ನಿನ್ನ ಕೈಲಿ ನೀರು ಹೊರಿಸುತ್ತಿಲ್ಲ ತಾನೇ? ಹೊರಿಸಿದರೆ ಹೇಳು, ಹರಾಜು ಕೂಗುವ ಈ ಗಂಟಲು ಇಲ್ಲಿಂದಲೇ ಅವನ ಕಿವಿ ಹರಿದೀತು! ಆದರೆ ಮೊನ್ನೆ ನಿನ್ನ ಅಕ್ಕ ಸಲೋಮಿಯ ಮಗು ಮನಸ್ಸೆಯನ್ನು ಮಣ್ಣಿಗಿಡುವಾಗ ಇದೇ ಗಂಟಲಿನಿಂದ ಒಂದು 'ಆಮೆನ್' ಹೊರಡಲಿಲ್ಲ. ಹಿಮ ದಾರಿ ಮುಚ್ಚಿತ್ತು, ನಿಮಗೆ ಬರಲಾಗಲಿಲ್ಲ, ಅದಕ್ಕೆ ಕೊರಗಬೇಡ.

ಕೇಳು, ಮಗಳೇ! ಹೋದ ಮಾರ್ಚಿನಲ್ಲಿ ಅವನು ಹುಟ್ಟಿದಾಗ ಮೇಪಲ್ ಮರಗಳಿಗೆ ಕಟ್ಟಿದ ಬಕೆಟ್‌ಗಳಲ್ಲಿ ಸಿಹಿ ರಸ ಉಕ್ಕುತ್ತಿತ್ತು. ಕೊಟ್ಟಿಗೆಯಲ್ಲಿ ಆ ರಸದ ಪಾಕ ಕುದಿದು ಕುದಿದು ಕೋಟು, ಟೋಪಿ, ಹೊದಿಕೆ, ಎಲ್ಲಕ್ಕೂ ಆ ಸಿಹಿ ಹಬೆ. ಕೂಸಿನ ಬಟ್ಟೆ ಬದಲಿಸುತ್ತ ನಿಮ್ಮಮ್ಮ, "ಇವನ ಉಚ್ಚೇನೂ ಪಾಕದ ವಾಸನೆ ಕಣ್ರೀ!" ಎಂದಳು. ಪಕ್ಕದ ಮನೆಯ ಈನಸ್, "ಹಾಗಾದ್ರೆ ಬುಡಕ್ಕೊಂದು ಬಕೆಟ್ ಕಟ್ಟಮ್ಮಾ!" ಎಂದ. ಸೂರು ಹಾರುವಂತೆ ನಕ್ಕೆವು. ಆಮೇಲೆ ಮಗು ಹಾಲು ಬಿಟ್ಟಿತು, ಮೈ ಬಿಲ್ಲಿನಂತೆ ಸೆಟೆಯಿತು. ಚಳಿ ಮರಳಿ ರಸ ನಿಂತಿತು, ಒಲೆ ಆರಿತು, ಹೊದಿಕೆಯೆಲ್ಲ ಒಗೆದೆವು. ವಾಸನೆ ಮಾತ್ರ ಹೋಗಲಿಲ್ಲ! ಸಲೋಮಿ ಮಗುವಿನ ಕಿವಿಗೆ ಮೂಗಿಟ್ಟು, "ಅಪ್ಪಾ, ಇದು ಇವನಿಂದಲೇ ಬರ್ತಿದೆ" ಎಂದಳು.

ಆ ವಾಸನೆಯೇ ಒಂದು ರೋಗದ ಗುರುತಂತೆ. ಹಾಲಿನ ಸತ್ವ ಇಂಥ ಮಕ್ಕಳಿಗೆ ಅರಗದೆ ವಿಷವಾಗಿ ಮಿದುಳಿಗೆ ಏರುತ್ತದಂತೆ. ಮೊದಲೇ ತಿಳಿದಿದ್ದರೆ ಬೇರೆ ಹಾಲು ಕೊಟ್ಟು ಬೆಳೆಸಬಹುದಿತ್ತು ಎಂದರು ಪಟ್ಟಣದ ಡಾಕ್ಟರು. ವರ್ಷ ತುಂಬಿದರೂ ಕೂಸಿಗೆ ಕತ್ತು ನಿಲ್ಲಲಿಲ್ಲ, ತಾಯಿಯ ಮುಖ ಗುರುತಾಗಲಿಲ್ಲ. ನಿನಗೆ ಮಾತ್ರ 'ಮಗು ಅಶಕ್ತ' ಎಂದಷ್ಟೇ ಬರೆಯುತ್ತ ಬಂದೆವು. ಮಣ್ಣು ಮಾಡಿ ಬಂದು ಸಲೋಮಿ, "ನನ್ನ ಹಾಲೇ ಅವನಿಗೆ ವಿಷ ಆಯ್ತಾ, ಅಪ್ಪಾ?" ಎಂದು ಕೇಳಿದಳು. ನಾನು ಕೊಟ್ಟಿಗೆಗೆ ಹೋಗಿ ಪಾಕದ ಬಾಣಲೆಯನ್ನು ಬೋರಲು ಹಾಕಿದೆ.

ಏಡನ್‌ಗೆ ನನ್ನ ನೆನಪು ಹೇಳು. ದೇವರು ನಿನ್ನ ಒಡಲನ್ನು ತಣ್ಣಗಿಡಲಿ.

ನಿನ್ನ ಅಪ್ಪ,
ಯುರಾಯಸ್ ಬ್ರೂಬೇಕರ್

ತಾ.ಕ.: "ಬಸುರಿಗೆ ಇದನ್ನೆಲ್ಲ ಬರೀಬೇಡಿ" ಎಂದು ತಡೆದ ನಿಮ್ಮಮ್ಮ ಕುದುರೆ ಬಂಡಿ ಹೂಡಲು ಹೊರಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಈ ದೋಷ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮಗುವಿಗೆ ಹತ್ತುತ್ತದಂತೆ. ನೀನು ಸಲೋಮಿಯ ತಂಗಿ. ನಿನ್ನ ಗಂಡ ಏಡನ್ ಅವಳ ಗಂಡನ ತಮ್ಮ. ನಿನ್ನ ಕೂಸಿಗೂ ಬರಬಹುದು, ಬಾರದಿರಬಹುದು. ಆಸ್ಪತ್ರೆಗೆ ಈಗಲೇ ಹೇಳಿಡು, ಹುಟ್ಟಿದ ಕೂಡಲೇ ರಕ್ತ ನೋಡಿಸು. ಈ ವರ್ಷ ಪಾಕದ ಡಬ್ಬಿ ಕಳಿಸುವುದಿಲ್ಲ. ಹಳೆಯದಿದ್ದರೆ ಅದನ್ನೂ ಯಾರಿಗಾದರೂ ಕೊಟ್ಟುಬಿಡು. ಆಮೇಲೂ ಮನೆಯಲ್ಲಿ ಸಿಹಿ ವಾಸನೆ ಬಂದರೆ ನಗಬೇಡ ಮಗಳೇ, ಕೂಸನ್ನೆತ್ತಿಕೊಂಡು ಓಡು.